ಫಿನ್ನಿಷ್ ಬಲ್ಲ ಮಾಷ್ಟ್ರು

ತನಗೆ ಫಿನ್ನಿಷ್ ಭಾಷೆ ಬರುತ್ತದೆಂದು ಅನಂತೇಶ ಮಾಷ್ಟ್ರು ಹೇಳಿದ್ದು ಮೂರು ವರ್ಷದ ಹಿಂದೆ, ಅದೂ ಒಂದೇ ಒಂದು ಸಲ. ಹಳೆಯ ಪತ್ತೇದಾರಿ ಕಾದಂಬರಿಗಳ ವಿದೇಶಿ ಮುದ್ರಣ ಸಂಗ್ರಹಿಸುವವರ ವಾಟ್ಸಪ್ ಗುಂಪಿನಲ್ಲಿ ಯಾರೋ, "ಓದಲು ಬಾರದ ಪುಸ್ತಕ ಇಟ್ಟುಕೊಂಡು ಎಂತ ಮಾಡ್ತೀರಿ?" ಎಂದು ಕೇಳಿದ್ದರು. ಅಲೆವೂರಿನಲ್ಲಿ ಇಪ್ಪತ್ತೆಂಟು ವರ್ಷ ಸಂಸ್ಕೃತ ಕಲಿಸಿದ ಮಾಷ್ಟ್ರಿಗೆ ಅದು ಚುಚ್ಚಿತು. 'ಹಳದಿ ಕೊಡೆ' ಎಂಬ ಇಂಗ್ಲಿಷ್ ಕಾದಂಬರಿಯ ಫಿನ್ನಿಷ್ ಅನುವಾದವನ್ನು ತಾನು ಪೂರ್ತಿ ಓದಿದ್ದೇನೆ, ಮೂಲದಲ್ಲಿ ಕೊಲೆಗಾರ ಡಾಕ್ಟರಾದರೆ ಫಿನ್ನಿಷಿನಲ್ಲಿ ಅಡುಗೆಯವ ಎಂದು ಬರೆದುಬಿಟ್ಟರು.

ಮರುದಿನವೇ ಕಾಪುವಿನಿಂದ ಅದೇ ಗುಂಪಿನ ಆಲ್ಫೋನ್ಸ್ ಬಸ್ಸು ಹತ್ತಿ ಬಂದರು. ಮೂವತ್ತು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡುತ್ತ, ಹೋದ ಬಂದರಿನಲ್ಲೆಲ್ಲ ಪತ್ತೇದಾರಿ ಪುಸ್ತಕ ಕೊಂಡವರು.

"ಇಷ್ಟು ಕಾದಂಬರಿ ನೋಡಿದೆ ಮಾಷ್ಟ್ರೇ. ಅಡುಗೆಯವ ಇರುವುದು ಹೆಣ ನೋಡಿ ಕಿರುಚಲಿಕ್ಕೆ ಮಾತ್ರ. ಅವನಿಗೂ ತಲೆ ಉಂಟು ಅಂತ ಒಬ್ಬನಾದರೂ ಬರೆದನಲ್ಲ" ಎಂದು ಕೈ ಹಿಡಿದುಕೊಂಡರು. ಆ ಕೈ ಮತ್ತೆ ಬಿಡಲಿಲ್ಲ. ಒಬ್ಬರು ಪೋಲಿಷ್ ಪ್ರತಿ ತಂದರೆ ಇನ್ನೊಬ್ಬರು ಜಪಾನಿ ತೆಗೆಯುವುದು, ಯಾವ ದೇಶದ ಮುಖಪುಟದಲ್ಲಿ ರಕ್ತ ಹೆಚ್ಚು ಕೆಂಪು ಎಂದು ವಾದ ಮಾಡುವುದು, ಹೀಗೆ ಇಬ್ಬರೂ ಒಂದೇ ಮನೆಯವರಂತಾದರು.

ಈ ಶನಿವಾರ ಬೆಳಿಗ್ಗೆ ಆಲ್ಫೋನ್ಸರ ಫೋನು. "ನನ್ನ ತಂಗಿಯ ಮಗಳು ಸೋನಿಯಾ ಊರಿಗೆ ಬಂದಿದ್ದಾಳೆ. ಆರು ವರ್ಷದಿಂದ ಫಿನ್ಲೆಂಡಿನಲ್ಲಿ ಕೆಲಸ, ಆ ಭಾಷೆ ಅವಳಿಗೆ ನೀರು ಕುಡಿದ ಹಾಗೆ. ಹನ್ನೊಂದಕ್ಕೆ ಕರ್ಕೊಂಡು ಬರ್ತೇನೆ. ಆ ಕೊನೆಯ ಪುಟ ಓದಿಸಿ ಕೇಳಬೇಕು."

ಮಾಷ್ಟ್ರಿಗೆ ಫಿನ್ನಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಅವರು ಧೈರ್ಯಗೆಡುವ ಪೈಕಿಯಲ್ಲ. ಪುಸ್ತಕವೇ ಇಲ್ಲದಿದ್ದರೆ ಕೊನೆಯ ಪುಟ ಎಲ್ಲಿಂದ? ಅದನ್ನು ಪೇಪರಿನಲ್ಲಿ ಸುತ್ತಿ ಪಕ್ಕದ ಮನೆಯ ಮುದ್ದಣ್ಣನ ಕೈಗಿಟ್ಟು, "ಮಧ್ಯಾಹ್ನದವರೆಗೆ ಇರಲಿ, ಯಾರಿಗೂ ಹೇಳಬೇಡ" ಎಂದರು.

ಹನ್ನೊಂದಕ್ಕೆ ಸರಿಯಾಗಿ ಮಾವ, ಸೊಸೆ ಬಂದರು.

"ಪುಸ್ತಕ ಕಾಣ್ತಾ ಇಲ್ಲ ಮಾರಾಯರೇ. ತಿಂಗಳಾಯ್ತು" ಎಂದರು ಮಾಷ್ಟ್ರು ದುಃಖದ ಮುಖ ಮಾಡಿ.

"ಎಂತ ತಿಂಗಳು? ನಿನ್ನೆ ನಾನೇ ಧೂಳು ಹೊಡೆದಿದ್ದೇನೆ. ಅಲ್ಲೇ ಇತ್ತು" ಎಂದಳು ಹೆಂಡತಿ ಪಂಕಜಾ, ಕಾಫಿ ಇಡುತ್ತ.

ಆಲ್ಫೋನ್ಸರ ಕಣ್ಣು ಹೊಳೆಯಿತು. ಕಾಗದದ ಮೇಲೆ ಸಾವಿರ ಕಳ್ಳರನ್ನು ಹಿಡಿದವರಿಗೆ ಇದು ಮೊದಲ ನಿಜವಾದ ಕಳ್ಳತನ. "ಯಾರೂ ಕಪಾಟು ಮುಟ್ಟಬೇಡಿ" ಎಂದು ಮಂಡಿಯೂರಿ ನೆಲ ಪರೀಕ್ಷಿಸಿದರು. "ಇಷ್ಟರ ನಡುವೆ ಅದೊಂದನ್ನೇ ಆರಿಸಿದ್ದಾನೆ. ಕಳ್ಳ ವಿದ್ಯಾವಂತ. ಪೊಲೀಸರಿಗೆ ಹೇಳುವ."

ಪೊಲೀಸ್ ಎಂಬ ಶಬ್ದ ಕಾಂಪೌಂಡ್ ದಾಟಿದ್ದೇ ತಡ, ಮುದ್ದಣ್ಣ ಪೊಟ್ಟಣ ಎದೆಗೊತ್ತಿಕೊಂಡು ಓಡಿಬಂದ. "ಮಾಷ್ಟ್ರೇ, ನೀವೇ ಕೊಟ್ಟದ್ದಲ್ವಾ? ನನಗೆ ಇಬ್ಬರು ಹೆಣ್ಣುಮಕ್ಕಳ ಮದುವೆ ಬಾಕಿ ಉಂಟು."

ಎಲ್ಲರೂ ಮಾಷ್ಟ್ರತ್ತ ತಿರುಗಿದರು.

"ನಿಮ್ಮ ಪತ್ತೇದಾರಿಕೆಯನ್ನು ಪರೀಕ್ಷೆ ಮಾಡಿದ್ದು" ಎಂದರು ಮಾಷ್ಟ್ರು ಗಂಭೀರವಾಗಿ.

ಆಲ್ಫೋನ್ಸ್ ಅದನ್ನೂ ನಂಬಿದರು. "ಕಳ್ಳ ವಿದ್ಯಾವಂತ ಅಂತ ಹೇಳಿದೆನಲ್ಲ" ಎಂದು ನಕ್ಕು ಪುಸ್ತಕವನ್ನು ಸೋನಿಯಾಳ ಕೈಗಿತ್ತರು.

ಆ ನಗು ನೋಡಿ ಮಾಷ್ಟ್ರಿಗೆ ತಡೆಯಲಾಗಲಿಲ್ಲ. ಇಂಥ ಮನುಷ್ಯನಿಗೆ ಇನ್ನೊಬ್ಬರಿಂದ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ಮೇಲು. "ಆಲ್ಫೋನ್ಸರೇ, ಒಂದು ಮಾತು..." ಎಂದು ಎದ್ದು ನಿಂತರು.

"ಹೌದು ಮಾಮ" ಎಂದಳು ಸೋನಿಯಾ ಕೊನೆಯ ಪುಟದಿಂದ ತಲೆಯೆತ್ತಿ. "ಅಡುಗೆಯವನೇ."

ಆಲ್ಫೋನ್ಸ್ ಮುದ್ದಣ್ಣನನ್ನು ಸಹ ಅಪ್ಪಿಕೊಂಡರು. ಮಾಷ್ಟ್ರು ಕುಳಿತೇ ಬಿಟ್ಟರು. ತಾನು ಹೇಳಿದ ಸುಳ್ಳು ಮೂರು ವರ್ಷದಲ್ಲಿ ಬಾಳೆಗೊನೆಯಂತೆ ತಾನಾಗಿಯೇ ಹಣ್ಣಾಗಿ ನಿಜವಾಯಿತೇ?

ಹಿತ್ತಲ ನಳ್ಳಿಯ ಹತ್ತಿರ ಲೋಟ ತೊಳೆಯುವ ನೆಪದಲ್ಲಿ ಸೋನಿಯಾ ಪಿಸುಗುಟ್ಟಿದಳು. "ಅಂಕಲ್, ನನಗೆ ಬರುವುದು ಹಾಲು, ಮೊಟ್ಟೆ, ಥ್ಯಾಂಕ್ಸ್, ಅಷ್ಟೇ. ಆಫೀಸಿನಲ್ಲೆಲ್ಲ ಇಂಗ್ಲಿಷ್. ಮನೆಯಲ್ಲಿ ಜಂಬ ಕೊಚ್ಚಿಬಿಟ್ಟಿದ್ದೆ. ಮಾಮ ದಾರಿಯುದ್ದಕ್ಕೂ ಅಡುಗೆಯವ, ಅಡುಗೆಯವ ಅಂತಲೇ ಹೇಳ್ತಾ ಬಂದರು. ನೀವು ಓದಿದವರು, ದಯವಿಟ್ಟು ನನ್ನ ಮಾನ ತೆಗೀಬೇಡಿ."

"ನನಗಿಂತ ನೀನು ಮೂರು ಶಬ್ದ ಮುಂದೆ ಇದ್ದಿ ಮಗಳೇ" ಎಂದರು ಮಾಷ್ಟ್ರು.

ಇಬ್ಬರೂ ನಗುತ್ತ ಚಾವಡಿಗೆ ಬಂದರೆ ಆಲ್ಫೋನ್ಸ್ ಮೊಬೈಲ್ ಹಿಡಿದು ನಿಂತಿದ್ದರು. "ಗುಂಪಿಗೆ ಹಾಕಿದೆ. ಮುಂದಿನ ಭಾನುವಾರ ಉಡುಪಿಯಲ್ಲಿ ಸಭೆ. ನೀವಿಬ್ಬರೂ ಈ ಕಾದಂಬರಿಯ ಬಗ್ಗೆ ಅರ್ಧ ಗಂಟೆ ಫಿನ್ನಿಷಿನಲ್ಲೇ ಮಾತಾಡಬೇಕು."

"ನನ್ನ ಫ್ಲೈಟು ಶುಕ್ರವಾರ ಮಾಮ" ಎಂದಳು ಸೋನಿಯಾ ತಕ್ಷಣ.

"ಛೇ" ಎಂದರು ಮಾಷ್ಟ್ರು, ಜೀವ ಬಂದವರಂತೆ. "ಒಬ್ಬನೇ ಯಾರೊಟ್ಟಿಗೆ ಮಾತಾಡುವುದು? ಬಿಟ್ಟುಬಿಡುವ."

ಅಷ್ಟರಲ್ಲಿ ಮೊಬೈಲ್ ಕಿಣಿಗುಟ್ಟಿತು. ಓದಿದ ಆಲ್ಫೋನ್ಸರ ಮುಖ ಅರಳಿತು.

"ನಿಮ್ಮ ಅದೃಷ್ಟ ನೋಡಿ ಮಾಷ್ಟ್ರೇ. ಮಣಿಪಾಲಕ್ಕೆ ಫಿನ್ಲೆಂಡಿನ ಪ್ರೊಫೆಸರ್ ಒಬ್ಬರು ಬಂದಿದ್ದಾರಂತೆ. ತಮ್ಮ ಭಾಷೆ ಆಡುವವರು ಇಲ್ಲಿ ಯಾರೂ ಸಿಗಲಿಲ್ಲ ಅಂತ ಭಾರೀ ಬೇಸರದಲ್ಲಿದ್ದರಂತೆ. ಈಗ ಇಲ್ಲಿಗೇ ಹೊರಟಾಯ್ತಂತೆ."

ಮಾಷ್ಟ್ರು ಕಂಬ ಹಿಡಿದುಕೊಂಡರು. "ಎಷ್ಟು ದಿನ ಇರ್ತಾರಂತೆ ಇಲ್ಲಿ?"

"ಎರಡು ವರ್ಷ. ನಿಮ್ಮ ವಿಳಾಸ ಕೊಟ್ಟಾಗಿದೆ."