ಉಳಿದ ಎಂಟು ಕಂಬಿ

ಸ್ಲ್ಯಾಬಿಗೆ ಕಾಂಕ್ರೀಟು ಸುರಿದು ಮುಗಿಯುವ ಹೊತ್ತಿಗೆ ಸೂಪರ್‌ವೈಸರನಿಗೆ ಮರಳಿನ ರಾಶಿಯ ಹಿಂದೆ ಎಂಟು ಕಂಬಿ ಕಂಡವು. ಒಂದೊಂದೂ ನಾಲ್ಕಡಿ ಉದ್ದ, ತುದಿಗೆ ನೀಲಿ ಬಣ್ಣ. ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ನೀಲಿ ಬಣ್ಣದ ಅರ್ಥ ಅವನಿಗೆ ಗೊತ್ತಿತ್ತು. ಬಚ್ಚಲಿಗಾಗಿ ಸ್ಲ್ಯಾಬನ್ನು ಒಂದಡಿ ತಗ್ಗಿಸಿದ ಕಡೆ, ಆ ತಗ್ಗಿನ ನಾಲ್ಕು ಮೂಲೆಗಳಲ್ಲೇ ಮೊದಲು ಬಿರುಕು ಹುಟ್ಟುವುದು. ಅದನ್ನು ತಡೆಯಲು ಮೂಲೆಗೆರಡರಂತೆ ಓರೆಯಾಗಿ ಕಟ್ಟಬೇಕಾದ ಕಂಬಿ ಇವು. 'ಕಟ್ಟಿದೆ, ಕಣ್ಣಾರೆ ನೋಡಿದ್ದೇನೆ' ಎಂದು ನಿನ್ನೆ ಸಂಜೆ ಅವನೇ ತಪಾಸಣೆಯ ಪಟ್ಟಿಗೆ ಸಹಿ ಹಾಕಿದ್ದ. ನೋಡಿರಲಿಲ್ಲ. ಏಣಿ ಹತ್ತಲು ಸೋಮಾರಿತನ, ಕೆಳಗೇ ಕುರ್ಚಿ ಇತ್ತು. ಇವತ್ತು ಬೆಳಿಗ್ಗೆಯೂ ಅದೇ ಕುರ್ಚಿ.

ಆರು ತಿಂಗಳಿಂದ ಅವನದು ತಾತ್ಕಾಲಿಕ ಕೆಲಸ. ಅದನ್ನು ಕಾಯಂ ಮಾಡುವ ಕಾಗದವನ್ನು ಎಂಜಿನಿಯರ್ ಮೇಡಂ ಇವತ್ತು ನಾಲ್ಕು ಗಂಟೆಗೆ ತರುವವರಿದ್ದರು. ಕಂಬಿ ಮೇಸ್ತ್ರಿಗೆ ಫೋನ್ ಮಾಡಿದ. ತಂಗಿಯ ಮನೆಗೆ ಹೋಗಿದ್ದ ಮೇಸ್ತ್ರಿಯ ಫೋನು ಸತ್ತು ಮಲಗಿತ್ತು. ಮೇಲೆ ಕಾಂಕ್ರೀಟು ಗಟ್ಟಿಯಾಗತೊಡಗಿತ್ತು.

ಕಂಬಿಗಳನ್ನು ಮೊದಲು ಟಾರ್ಪಾಲಿನ ಕೆಳಗೆ ಅಡಗಿಸಿದ. ಊಟಕ್ಕೆ ಬಂದ ಗಾರೆ ಕೆಲಸದ ಹೆಂಗಸರು ಅದರ ಮೇಲೆಯೇ ಕೂತು, ಒತ್ತುತ್ತದೆಂದು ಎಳೆದು ಹೊರಗೆಸೆದರು. ಸೂಪರ್‌ವೈಸರಣ್ಣನ ಕಂಬಿ ಇಲ್ಲಿವೆ ಎಂದು ಒಬ್ಬಳು ಇಡೀ ಬೀದಿಗೆ ಸಾರಿದಳು. ಸಿಮೆಂಟ್ ಚೀಲಗಳ ಹಿಂದೆ ತುರುಕಿದ. ಚೀಲ ಎತ್ತಲು ಬಂದವನು ಎಡವಿ ಬಿದ್ದು, ಕಂಬಿಗೂ ಅಡಗಿಸಿದವನ ವಂಶಕ್ಕೂ ಒಟ್ಟಿಗೇ ಬೈದ. ಕೊನೆಗೆ ಪಕ್ಕದ ಮನೆಯ ಮೋಟು ಕಾಂಪೌಂಡಿನಾಚೆಗೆ ಒಂದೊಂದನ್ನೇ, ತೊಟ್ಟಿಲಿಗೆ ಮಗು ಮಲಗಿಸುವಷ್ಟು ಮೆಲ್ಲಗೆ ಇಳಿಸಿದ. ಎಂಟನೆಯದು ಇಳಿಯುವಾಗ ಆಚೆಯಿಂದ ಎರಡು ಕೈ ಅದನ್ನು ಹಿಡಿದುಕೊಂಡವು.

ಅಜ್ಜಿ. ಧೂಳು, ಸದ್ದು ಎಂದು ದಿನಕ್ಕೊಂದು ದೂರು ಹೇಳುತ್ತಿದ್ದ ಪಕ್ಕದ ಮನೆಯ ಅಜ್ಜಿ.

"ಯಾಕಪ್ಪಾ ಇದು?"

"ನಿಮ್ಮ ಬಳ್ಳಿಗೆ ಆಸರೆ ಬೇಕಿತ್ತಲ್ಲ ಅಜ್ಜಿ."

ಸುಳ್ಳು ಹೇಳಲು ಅವನಿಗೆ ಏಣಿ ಬೇಕಿರಲಿಲ್ಲ.

ಅಜ್ಜಿ ಕರಗಿ ನೀರಾದರು. ಅರ್ಧ ಗಂಟೆಯಲ್ಲಿ ಎಂಟೂ ಕಂಬಿ ನೆಟ್ಟು, ಬಳ್ಳಿ ಹಬ್ಬಿಸಿ, ದಾರ ಕಟ್ಟಿಯಾಗಿತ್ತು. ನೀಲಿ ತುದಿಗಳು ಕಾಂಪೌಂಡಿನ ಮೇಲೆ ಸಾಲಾಗಿ ತಲೆಯೆತ್ತಿ ಅವನನ್ನೇ ನೋಡತೊಡಗಿದವು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಗೇಟಿನಲ್ಲೇ ಅಜ್ಜಿ ಅಡ್ಡಹಾಕಿದರು.

"ನಿಮ್ಮ ಹುಡುಗ ಬಂಗಾರ ಕಣಮ್ಮ. ನೋಡು, ಕೇಳದೇನೇ ಎಂಟು ಕಂಬಿ ಕೊಟ್ಟ."

ಮೇಡಂ ನೀಲಿ ತುದಿಗಳನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು. ತಾನಾಗಿ ಹೇಳಿದರೆ ಶಿಕ್ಷೆ ಕಡಿಮೆಯಾದೀತೆಂದು ಅವನು ಬಾಯಿಬಿಟ್ಟ.

"ತಪ್ಪಾಯ್ತು ಮೇಡಂ. ಬಚ್ಚಲ ಮೂಲೆಗೆ ಕಂಬಿ ಕಟ್ಟಿಲ್ಲ, ಎಂಟೂ ಹೊರಗೇ ಉಳಿದ್ವು. ಒಡೆಸಿ ಅಂದ್ರೆ ನಾನೇ ಒಡೀತೀನಿ."

ಮೇಡಂ ತಮ್ಮ ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದರು. ನಿನ್ನೆ ಅವನು ಹೋದ ಮೇಲೆ ಅವರೇ ಬಂದು, ಏಣಿ ಹತ್ತಿ ತೆಗೆದದ್ದು. ತಗ್ಗಿನ ನಾಲ್ಕು ಮೂಲೆಗಳಲ್ಲೂ ನೀಲಿ ತುದಿಯ ಕಂಬಿಗಳು, ಬಾಗಿಲಿಗೆ ಅಡ್ಡ ಮಲಗಿದ ನಾಯಿಗಳಂತೆ ಎರಡೆರಡಾಗಿ ಓರೆಯಾಗಿ ಬಿದ್ದಿದ್ದವು.

"ಎಂಟೂ ಒಳಗಿವೆ. ಇವು ಮೇಲಿನ ಮಹಡಿ ಬಚ್ಚಲಿಗೆ. ಮೇಸ್ತ್ರಿ ಎರಡಕ್ಕೂ ಒಟ್ಟಿಗೇ ಕತ್ತರಿಸಿಟ್ಟಿದ್ದಾನೆ."

ಹೋದ ಜೀವ ಬಂದಂತಾಗಿ ಅವನು ನಕ್ಕ. ಮೇಡಂ ನಗಲಿಲ್ಲ.

"ಕಣ್ಣಾರೆ ನೋಡಿದೀನಿ ಅಂತ ಸಹಿ ಹಾಕಿದ್ರಲ್ಲ ನೀವು. ನೋಡಿದವರಿಗೆ ಕಂಬಿ ಕಟ್ಟಿಲ್ಲ ಅನ್ನೋ ಭಯ ಯಾಕ್ರೀ ಬರುತ್ತೆ?"

ಕಾಯಂ ಮಾಡುವ ಕಾಗದ ಬ್ಯಾಗಿನಿಂದ ಅರ್ಧ ಹೊರಬಂದಿತ್ತು. ಅಲ್ಲಿಂದಲೇ ಒಳಗೆ ಹೋಯಿತು.

"ಇನ್ನಾರು ತಿಂಗಳು ನೋಡೋಣ. ಮೊದಲು ಆ ಕಂಬಿ ವಾಪಸ್ ತನ್ನಿ."

ಅವನು ಕಾಂಪೌಂಡಿನತ್ತ ತಿರುಗಿದ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಜ್ಜಿ, ಪೊರಕೆ ಹಿಡಿದು ಬಳ್ಳಿಗೆ ಓರೆಯಾಗಿ ಅಡ್ಡ ನಿಂತಿದ್ದರು.