ನಮ್ಮಪ್ಪ ತಿದ್ದಿದ ವೆಬ್‌ಸೈಟು

ಹೈದರಾಬಾದಿನಲ್ಲಿ ಆರು ವರ್ಷದಿಂದ ವೆಬ್‌ಸೈಟ್ ಡಿಸೈನ್ ಮಾಡಿಕೊಂಡಿದ್ದೇನೆ. ಕಂಪ್ಯೂಟರು ಕೈಕೊಟ್ಟದ್ದು ಕಡಿಮೆ. ಅದರ ಮುಂದೆ ಬಂದು ಕೂಡುವ ಮಂದಿಯಿಂದ ಮಾತ್ರ ತಿಂಗಳಿಗೊಂದು ಫಜೀತಿ ತಪ್ಪಿದ್ದಲ್ಲ.

೧. ಮುಹೂರ್ತ

ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ನೌಕರಿಗಿದ್ದಾಗಿನ ಮಾತು. ಮೆಹದಿಪಟ್ಟಣಂನ ಸೀರೆ ಅಂಗಡಿ ಮಾಲೀಕರು ನಮ್ಮ ಕಲಬುರಗಿ ಕಡೆಯವರೇ. ವೆಬ್‌ಸೈಟ್ ತಯಾರಾಗಿದೆ ಎಂದರೆ, "ಈಗ ರಾಹುಕಾಲ ಐತ್ರಿ, ಚಾಲೂ ಮಾಡಬ್ಯಾಡ್ರಿ" ಅಂದರು. ಕಾದೆವು. ರಾಹುಕಾಲ ಸರಿದ ಮೇಲೆ ಅವರ ಹೆಂಡತಿ ತೆಂಗಿನಕಾಯಿ ಒಡೆದು, ನನ್ನ ಲ್ಯಾಪ್‌ಟಾಪಿನ ಪರದೆಗೆ, ಸರಿಯಾಗಿ ಅಂಗಡಿ ಹೆಸರಿನ ಮೇಲೆ, ಕುಂಕುಮ ಹಚ್ಚಿದರು. ನಾನೂ ಕೈಮುಗಿದು ಸೈಟ್ ಚಾಲೂ ಮಾಡಿದೆ.

ಸಂಜೆ ಮಾಲೀಕರ ಫೋನು. "ಎಲ್ಲಾ ಭಾಳ ಛಲೋ ಬಂದೈತ್ರಿ. ಆದ್ರ ನಮ್ಮ ಮನಿ ಕಂಪ್ಯೂಟರಿನ್ಯಾಗ ಕುಂಕುಮ ಕಾಣವಲ್ದು."

೨. ಕೆಂಪು ಪೆನ್ನು

ಹೋದ ವರ್ಷ ಆ ಕಂಪನಿ ಬಿಟ್ಟು ಸ್ವಂತ ಕೆಲಸ ಶುರು ಮಾಡಿದೆ. ಸರ್ಕಾರಿ ಕಚೇರಿಯಲ್ಲಿ ಕಡತ ತಿದ್ದಿ ತಿದ್ದಿ ನಿವೃತ್ತರಾದ ಅಪ್ಪನಿಗೆ ಇದು ಹಿಡಿಸಲಿಲ್ಲ. "ದಸರಾದೊಳಗ ಒಂದರೆ ದೊಡ್ಡ ಕೆಲಸ ಸಿಗಬೇಕು. ಇಲ್ಲಂದ್ರ ಬ್ಯಾಂಕ್ ಪರೀಕ್ಷಾಕ್ಕ ಕೂಡಬೇಕು" ಎಂದು ಕರಾರು ಹಾಕಿದರು. ಪರೀಕ್ಷೆ ಎಂದರೆ ನನಗೆ ಮೊದಲಿನಿಂದಲೂ ಆಗದು. ಊರಿಗೆಲ್ಲ ವೆಬ್‌ಸೈಟ್ ಮಾಡಿಕೊಟ್ಟವಳಿಗೆ ಸ್ವಂತದ್ದು ಒಂದೂ ಇರಲಿಲ್ಲ. ಮಾಡಲು ಕೂತೆ.

ಅಪ್ಪನಿಗೆ ತೋರಿಸಿದರೆ, "ಪ್ರಿಂಟ್ ತಗದು ಕೊಡವ್ವಾ, ತಿದ್ದಿ ಕೊಡ್ತೀನಿ" ಎಂದರು. ಮರುದಿನ ಹಾಳೆ ತುಂಬ ಕೆಂಪು ಶಾಯಿ. 'ಇಲ್ಲಿ ಒತ್ತಿ' ಎಂಬ ಬಟನ್ನಿನ ಪಕ್ಕದಲ್ಲಿ ಹೀಗೆ ಬರೆದಿದ್ದರು: "ಮೂರು ಸಲ ಒತ್ತಲಾಯಿತು. ಏನೂ ಆಗಲಿಲ್ಲ." ಕೆಳಗೆ ಸಹಿ, ತಾರೀಖು.

೩. ನನ್ನ ಪರಿಚಯ

ದಸರಾಕ್ಕೆ ನಾಲ್ಕು ದಿನವಿದ್ದಾಗ ಗಚ್ಚಿಬೌಲಿಯಲ್ಲಿ ಕಣ್ಣಿನ ಆಸ್ಪತ್ರೆ ನಡೆಸುವ ಬೀದರ ಕಡೆಯ ಡಾಕ್ಟರಮ್ಮ ಫೋನ್ ಮಾಡಿ, "ನಮ್ಮ ದವಾಖಾನಿಗೆ ವೆಬ್‌ಸೈಟ್ ಮಾಡಿಸಬೇಕಾಗೈತ್ರಿ. ಸಂಜಿಕ್ಕ ನಿಮ್ಮ ವೆಬ್‌ಸೈಟ್ ನೋಡಿ ಹೇಳ್ತೀನ್ರಿ" ಅಂದರು. 'ನನ್ನ ಪರಿಚಯ' ಪುಟ ಒಂದು ಬಾಕಿ ಇತ್ತು. ಅಪ್ಪ ತಿದ್ದಿ, ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಗಡಿಬಿಡಿಯಲ್ಲಿ ಪೂರ್ತಿ ಓದದೆ ಹಾಗೇ ಹಾಕಿಬಿಟ್ಟೆ.

ಸಂಜೆ ಕೂತು ಓದಿದೆ. ನನ್ನ ಡಿಸೈನ್ ಬಗ್ಗೆ ಒಂದೇ ಸಾಲು. ಆಮೇಲೆ ಗೋತ್ರ, ನಕ್ಷತ್ರ, ಎತ್ತರ, ಗೋಧಿ ಬಣ್ಣ. "ಕನ್ಯೆಯ ತಂದೆ ನಿವೃತ್ತ ಸೂಪರಿಂಟೆಂಡೆಂಟ್, ಹೈದರಾಬಾದಿನಲ್ಲೇ ಸ್ವಂತ ಮನೆ." ಕೊನೆಗೆ ಅಪ್ಪನ ಫೋನ್ ನಂಬರು!

"ಏನ್ ಮಾಡಿದ್ರಿ ಅಪ್ಪಾ!" ಎಂದು ಚೀರಿದೆ.

"ಪರಿಚಯ ಅಂದ್ರ ಇದ ಅಲ್ಲೇನವ್ವಾ? ನಮ್ಮ ಮಂದಿಗೆ ಇಂಥಾವು ಎಷ್ಟು ಬರದು ಕೊಟ್ಟೀನಿ."

ಅಳಿಸಬೇಕು ಎನ್ನುವಷ್ಟರಲ್ಲಿ ಡಾಕ್ಟರಮ್ಮನ ಫೋನು, ಅದೂ ಅಪ್ಪನಿಗೆ. ಅಪ್ಪ ಸ್ಪೀಕರ್ ಹಾಕಿದರು. ನಾನು ಬ್ಯಾಂಕ್ ಪರೀಕ್ಷೆಯ ಪುಸ್ತಕ ನೆನೆಸಿಕೊಂಡು ಕಣ್ಣು ಮುಚ್ಚಿದೆ.

"ಎಲ್ಲಾ ಡಿಸೈನರ್‌ಗೋಳ ವೆಬ್‌ಸೈಟ್ ನೋಡಿದೆರಿ. ಒಬ್ಬರರೆ ಯಾರ ಮಕ್ಕಳು, ಮನಿ ಎಲ್ಲಿ ಅಂತ ಬರದಿಲ್ಲ. ಕೆಲಸ ಅರ್ಧಕ್ಕ ಬಿಟ್ಟು ಹೋದ್ರ ಯಾರಿಗೆ ಕೇಳೋದು? ನಿಮ್ಮದ್ರಾಗ ಎಲ್ಲಾ ಖುಲ್ಲಾ ಐತಿ. ಕೆಲಸ ನಿಮ್ಮ ಮಗಳಿಗೇ. ಒಂದ ಮಾತು, ನಮ್ಮ ಡಾಕ್ಟರ್‌ಗೋಳ ಪರಿಚಯ ಎಲ್ಲಾ ನೀವ ಬರದು ಕೊಡ್ಬೇಕ್ರಿ."

ನಾನು ಕುಣಿದುಬಿಟ್ಟೆ. ಅಪ್ಪ ಮಾತ್ರ ಗಂಭೀರವಾಗಿ ಕೆಂಪು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಇನ್ನ ಚಿಂತಿ ಮಾಡಬ್ಯಾಡವ್ವಾ," ಅಂದರು. "ವೆಬ್‌ಸೈಟ್ ಕೆಲಸ ನಾ ನೋಡ್ಕೋತೀನಿ. ನೀ ಆರಾಮ ಬ್ಯಾಂಕ್ ಪರೀಕ್ಷಾಕ್ಕ ಓದು."