ಬಾಲ್ಕನಿಯಲ್ಲೊಂದು ಕಲ್ಲುಗುಡ್ಡ

"ಬರೀ ಗಿಡ ಬೆಳೆಸೋದು ಯಾರ ಕೈಲಾದ್ರೂ ಆಗುತ್ತೆ. ನಾನು ಆವಾಸಸ್ಥಾನವನ್ನೇ ಬೆಳೆಸ್ತೀನಿ!" ಎಂದು ಘೋಷಿಸಿ ಮಣ್ಣು ಪರೀಕ್ಷಕರು ಮುಳ್ಳುಗೋರಂಟೆಯ ಕುಂಡವನ್ನು ಬಾಲ್ಕನಿಯಲ್ಲಿ ಪ್ರತಿಷ್ಠಾಪಿಸಿದರು.

ಊರಾಚೆಯ ಕಲ್ಲುಗುಡ್ಡದಲ್ಲಿ ಅದು ಹೇಗಿತ್ತೋ ಇಲ್ಲೂ ಹಾಗೇ ಇರಬೇಕು! ಎರಡು ಚೀಲ ಜಲ್ಲಿ ಬಂತು. ಬಿಸಿಲಿಗೆ ಅಡ್ಡವೆಂದು ಬಟ್ಟೆ ಒಣಹಾಕುವ ತಂತಿ ಹೋಯಿತು.

"ಬಟ್ಟೆ ಎಲ್ಲಿ ಒಣಗಿಸ್ಲಿ ರೀ?" ಎಂದರು ಮನೆಯಾಕೆ.

"ಒಳಗೆ, ಫ್ಯಾನ್ ಕೆಳಗೆ. ತಿಂಗಳ ಕೊನೇ ಭಾನುವಾರದೊಳಗೆ ಹೂ ಬಿಡುತ್ತೆ, ನೋಡ್ತಿರು."

"ಬಿಡದಿದ್ರೆ ಗಿಡ ಆಚೆ, ತಂತಿ ಈಚೆ. ಆಮೇಲೆ ಮುಖ ಊದಿಸ್ಕೋಬಾರದು!"

ಒಪ್ಪಂದವಾಯಿತು. ಊಟದ ಮೇಜಿನ ಮೇಲೆ ಒದ್ದೆ ಪ್ಯಾಂಟುಗಳು ತೂಗಾಡಿದವು. ಮಳೆ ಸುರಿದದ್ದು ಪರೀಕ್ಷಕರ ತಟ್ಟೆಗೆ. ಗಿಡಕ್ಕೆ ಮಾತ್ರ ವಾರಕ್ಕೆ ಅಳೆದು ಒಂದೇ ಲೋಟ ನೀರು!

ಹೂವಿನ ಸುಳಿವೇ ಇಲ್ಲ. ಗುಡ್ಡದಲ್ಲಿದ್ದು ಇಲ್ಲಿಲ್ಲದ್ದು ಏನು? ತಲೆ ಕೆರೆದುಕೊಂಡ ಪರೀಕ್ಷಕರಿಗೆ ಥಟ್ಟನೆ ಹೊಳೆಯಿತು. ಮೇಕೆ! ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಮಂಡಿಯೂರಿ, ಉಗುರು ಕತ್ತರಿಯಿಂದ ಪ್ರತಿ ಕೊಂಬೆಯ ತುದಿಯನ್ನೂ ಅರ್ಧ ಅಂಗುಲ ಕತ್ತರಿಸತೊಡಗಿದರು.

"ಏನ್ರೀ ಇದು?"

"ಮೇಕೆ ಮೇಯ್ದ ಪರಿಣಾಮ. ವೈಜ್ಞಾನಿಕವಾಗಿ."

"ಇದಕ್ಕೆ ಡಿಗ್ರಿ ಬೇರೆ ಕೊಟ್ಟಿದ್ದಾರಲ್ಲ!"

"ಅಪ್ಪಾ, ಮೇಕೆ ಕನ್ನಡಕ ಹಾಕ್ಕೊಳ್ಳುತ್ತಾ?" ಎಂದಳು ಮಗಳು.

ಮೂರನೇ ವಾರ ಮುಳ್ಳೊಂದು ನಾಟಿ ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಡಾಕ್ಟರು ಕಟ್ಟು ಹಾಕಿ, "ಹತ್ತು ದಿನ ಈ ಕೈಲಿ ಏನೂ ಹಿಡೀಬೇಡಿ" ಎಂದರು. ಭಾನುವಾರಕ್ಕೆ ಉಳಿದದ್ದೂ ಹತ್ತೇ ದಿನ! ಪರೀಕ್ಷಕರು ಗೋಗರೆದರು.

"ನೀನಾದ್ರೂ ಸ್ವಲ್ಪ ಮೇಯ್ದುಬಿಡೇ!"

"ಮನುಷ್ಯರಿಗೆ ಹೇಳೋ ಮಾತೇನ್ರೀ ಅದು?"

ಭಾನುವಾರ ಬಂದೇಬಿಟ್ಟಿತು. ತಂತಿಯ ಸುರುಳಿ ಹಿಡಿದು ಮನೆಯಾಕೆ ಬಾಲ್ಕನಿಗೆ ನಡೆದರು. ಹಿಂದೆಯೇ ಜೋಲುಮುಖದ ಪರೀಕ್ಷಕರು. ನೋಡಿದರೆ, ಗಿಡದ ತುಂಬ ಹಳದಿ ಹೂ!

"ನೋಡಿದ್ಯಾ! ಜಲ್ಲಿ, ಬಿಸಿಲು, ಬರ, ಎಲ್ಲ ಕರಾರುವಾಕ್ಕು! ಗೆದ್ದದ್ದು ನನ್ನ ಆವಾಸಸ್ಥಾನ!"

ಮನೆಯಾಕೆ ಬಗ್ಗಿ ನೋಡಿದರು. "ಹೂ ಬಿಟ್ಟಿರೋದು ಎಲ್ಲಿ, ಸ್ವಲ್ಪ ನೋಡಿ."

ಪರೀಕ್ಷಕರು ಕನ್ನಡಕ ಏರಿಸಿ ನೋಡಿದರು. ಒಂದೊಂದು ಹೂವೂ ಕೊಂಬೆಯ ತುದಿಯಲ್ಲಿ. ಸರಿಯಾಗಿ ಕೊನೆಯ ಅರ್ಧ ಅಂಗುಲದಲ್ಲಿ! ಕಟ್ಟು ಹಾಕಿದ ಹೆಬ್ಬೆರಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

"ಪಾಪ, ಗಿಡ ಮಾತು ಉಳಿಸ್ಕೊಂಡಿದೆ, ಇಲ್ಲೇ ಇರ್ಲಿ" ಎನ್ನುತ್ತ ಮನೆಯಾಕೆ ತಂತಿಯ ಸುರುಳಿ ಬಿಚ್ಚತೊಡಗಿದರು. "ಈ ತಂತಿ ಈಗ ಮೇಕೆ ಕಟ್ಟಿಹಾಕೋಕೆ ಬೇಕು!"